ದೌಲತಾಬಾದಿನ ಸುರಂಗ, ಬ್ಯಾಂಕಿನ ಸುರಂಗ

ಮೊನ್ನೆ ಧಾರವಾಡದಿಂದ ಬಂದ ಭಾವನವರನ್ನು ದೌಲತಾಬಾದ್ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಯಾದವರ ದೇವಗಿರಿ ಅದೇ ತಾನೆ. ಅಲ್ಲಿನ 'ಅಂಧೇರಿ' ಎಂಬ ಕತ್ತಲ ಸುರಂಗದಲ್ಲಿ ತಡಕಾಡುತ್ತಾ ಅವರು ಕೇಳಿದರು: "ಅಲ್ಲೋ, ನಿಮ್ಮ ಬ್ಯಾಂಕಿನ್ಯಾಗೂ ಸುರಂಗ ಅದ ಅಂತಿದ್ದೆಲ್ಲ, ಅದೂ ಹಿಂಗ ಏನು?"

ಹೇಳ್ತೀನಿ ಕೇಳಿ. ನಾನು ನಾಶಿಕಕ್ಕೆ ಬಂದ ಹೊಸತರಲ್ಲಿ ಶಾಖೆಯ ಲೆಕ್ಕ ಔರಂಗಾಬಾದಿಗೆ ಹೋಗುತ್ತಿದ್ದುದು ಫ್ಲಾಪಿಯಲ್ಲಿ, ಯೇವಲೆ ಮಾರ್ಗದ ಎಸ್.ಟಿ. ಬಸ್ಸಿನಲ್ಲಿ! (ಊರಿನ ಹೆಸರು ಛತ್ರಪತಿ ಸಂಭಾಜಿನಗರ ಆದದ್ದು 2023ರಲ್ಲಿ.) ರಿಸರ್ವ್ ಬ್ಯಾಂಕು 1996ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿಸಿದ ಐಡಿಆರ್‌ಬಿಟಿ ಸಂಸ್ಥೆ, 1999ರಲ್ಲಿ ಇನ್ಫಿನೆಟ್ ಎಂಬ ಜಾಲ ತಂದಿತು. ಉಪಗ್ರಹದ ಮೂಲಕ, ಸದಸ್ಯ ಬ್ಯಾಂಕುಗಳಿಗೆ ಮಾತ್ರ. ಆದರೆ ಪ್ರತಿ ಸಣ್ಣ ಶಾಖೆಯ ಮಾಳಿಗೆಗೂ ತಟ್ಟೆ ಆಂಟೆನಾ ಕೂರಿಸುವಷ್ಟು ದುಡ್ಡು ಯಾರ ಬಳಿ ಇತ್ತು?

ಆಗ ಬಂದದ್ದು ವಿಪಿಎನ್. ರಸ್ತೆ ಎಲ್ಲರದು, ಅದೇ ಇಂಟರ್ನೆಟ್. ನಮ್ಮ ಮಾಹಿತಿ ಮಾತ್ರ ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಬೀಗವೂ ಎಲ್ಲ ಒಂದೇ ತರಹದ್ದಲ್ಲ. ಮೈಕ್ರೋಸಾಫ್ಟಿನ ಪಿಪಿಟಿಪಿ ಬೀಗ ಎಷ್ಟು ಸಡಿಲ ಎಂದು ಬ್ರೂಸ್ ಶ್ನೈಯರ್ ಮತ್ತು ಮಡ್ಜ್ 1998ರಲ್ಲೇ ತೋರಿಸಿದ್ದರು. ನಾವು ಐಪಿಸೆಕ್ ಹಿಡಿದೆವು.

ಇನ್ನೊಂದು ತಲೆನೋವು ಲೆಕ್ಕದ್ದು. ಎರಡು ಶಾಖೆಗೆ ಒಂದು ಸುರಂಗ ಸಾಕು. ಎಲ್ಲರಿಂದ ಎಲ್ಲರಿಗೂ ಬೇಕೆಂದರೆ ಹತ್ತು ಶಾಖೆಗೆ 45, ಐವತ್ತಕ್ಕೆ 1225! ಹಾಗಾಗಿ ಎಲ್ಲ ಸುರಂಗಗಳನ್ನೂ ಒಂದೇ ಕೇಂದ್ರಕ್ಕೆ ತಂದರು. ಕೇಂದ್ರ ಮಲಗಿದರೆ ಎಲ್ಲರೂ ಮಲಗಬೇಕು, ಅದು ಬೇರೆ ಮಾತು.

ಗುತ್ತಿಗೆದಾರರು ಸುಲಭವಾಗಲಿ ಅಂತ ಎಲ್ಲ ಶಾಖೆಗೂ ಒಂದೇ ಗುಪ್ತ ಕೀಲಿ ಹಾಕಿದರು. ಆ ಕಾಗದಕ್ಕೆ ಸಹಿ ಹಾಕಿದವನು ನಾನೇ. ಬಿಕಾಂ ಓದಿದವನಿಗೆ ಅದರ ಅಪಾಯ ಹೊಳೆಯಲಿಲ್ಲ. ಒಂದು ಶಾಖೆಯ ರೌಟರ್ ಕಳವಾದಾಗ ಗೊತ್ತಾಯಿತು: ಕಳ್ಳನ ಕೈಗೆ ಹೋದದ್ದು ಎಲ್ಲ ಮನೆಗಳ ಕೀಲಿ! ಒಂದೇ ರಾತ್ರಿ ಎಲ್ಲ ಕಡೆ ಬದಲಿಸಿದೆವು. ನಾಲ್ಕು ಶಾಖೆಗಳಲ್ಲಿ ಹಳೆಯದೇ ಉಳಿದು, ಬೆಳಗ್ಗೆ ಸಂಪರ್ಕ ಕಡಿಯಿತು. ಅಂದು ಪಿಂಚಣಿಯ ದಿನ. ಒಬ್ಬ ಅಜ್ಜ ಮೂರು ಗಂಟೆಯವರೆಗೆ ಬೆಂಚಿನ ಮೇಲೆ ಕೂತಿದ್ದು, "ಉದ್ಯಾ ಯೇತೋ" ಅಂತ ಎದ್ದು ಹೋದರು. ಬೈದಿದ್ದರೂ ವಾಸಿಯಿತ್ತು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಕೆಲವೇ ಅಧಿಕಾರಿಗಳಿಗೆಂದು ಮಾಡಿದ್ದ ಸುರಂಗಕ್ಕೆ ಇಡೀ ಕಚೇರಿಯೇ ಮನೆಯಿಂದ ನುಗ್ಗಿತು. ಪಾಳಿ ಹಚ್ಚಿದರು. ಪಾಸ್‌ವರ್ಡ್ ಜೊತೆ ಮೊಬೈಲಿಗೆ ಒಟಿಪಿ ಎಂದರು. ಅದು ಬೇಕೇ ಬೇಕೆಂದು ಬರೆದು ಕೊಟ್ಟಿದ್ದೂ ನಾನೇ, ಒಟಿಪಿ ಬರುವುದು ತಡವಾದಾಗ ಫೋನ್ ಮಾಡಿ ಕೂಗಾಡಿದ್ದೂ ನಾನೇ.