ಗಡಿ ದಾಟಿದ ಬೆಳಕು

ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಬೀದಿಯಲ್ಲಿ ಕೇಳಿಸುವ ಹೊಸೂರು, ಕೃಷ್ಣಗಿರಿ ಕಡೆಯವರು ಹೆಮ್ಮೆಯಿಂದ ತಮ್ಮದೆನ್ನಬಹುದಾದ ಚಿತ್ರವೊಂದಿದೆ: 1977ರ ‘ಕೋಕಿಲ’. ಶ್ರೀಲಂಕಾದಲ್ಲಿ ಹುಟ್ಟಿದ ತಮಿಳಿಗ ಬಾಲು ಮಹೇಂದ್ರ ನಿರ್ದೇಶಿಸಿದ ಮೊದಲ ಚಿತ್ರ ಅದು. ನಾಯಕ ಕಮಲ್ ಹಾಸನ್, ಭಾಷೆ ಕನ್ನಡ. ಮದರಾಸಿನಲ್ಲೂ ಅದು ಕನ್ನಡದಲ್ಲೇ ನೂರು ದಿನ ದಾಟಿ ಓಡಿತು. ಕ್ಯಾಮೆರಾ ಹಿಡಿದವರೂ ಬಾಲು ಅವರೇ. ಕಪ್ಪು-ಬಿಳುಪು ಛಾಯಾಗ್ರಹಣದ ರಾಷ್ಟ್ರಪ್ರಶಸ್ತಿ ಅವರ ಪಾಲಾಯಿತು. ಆರು ವರ್ಷದ ನಂತರ ಮಣಿರತ್ನಂ ತಮ್ಮ ಚೊಚ್ಚಲ ಚಿತ್ರ ‘ಪಲ್ಲವಿ ಅನುಪಲ್ಲವಿ’ಯನ್ನು ಕನ್ನಡದಲ್ಲಿ ತೆಗೆದಾಗಲೂ ಕ್ಯಾಮೆರಾ ಬಾಲು ಅವರದೇ.

ಆದರೆ ಛಾಯಾಗ್ರಾಹಕನನ್ನು ಹೆಸರಿಟ್ಟು ಕರೆದು ಗೌರವಿಸಲು ದೇಶಕ್ಕೆ ತಡವಾಯಿತು. ಹಾಲಿವುಡ್ಡಿನ ಆಸ್ಕರ್ 1929ರ ಮೊದಲ ಸಮಾರಂಭದಲ್ಲೇ ಛಾಯಾಗ್ರಹಣಕ್ಕೆ ಪ್ರಶಸ್ತಿ ಇಟ್ಟಿತ್ತು. ನಮ್ಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು 1954ರಲ್ಲಿ ಶುರುವಾದರೂ ಛಾಯಾಗ್ರಹಣ ಆ ಪಟ್ಟಿಗೆ ಸೇರಿದ್ದು 1967ರ ಚಿತ್ರಗಳಿಂದ.

ಹೀಗಾಗಿ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ ತಮ್ಮ ಶ್ರೇಷ್ಠ ಕೆಲಸ ಮಾಡಿದ ಕಾಲಕ್ಕೆ ರಾಷ್ಟ್ರಪ್ರಶಸ್ತಿಯ ಪ್ರಶ್ನೆಯೇ ಇರಲಿಲ್ಲ. ಗುರುದತ್ ಅವರ ‘ಕಾಗಜ್ ಕೆ ಫೂಲ್’ (1959) ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ ಒಂದು ಹಾಡಿಗೆ ಸ್ಟುಡಿಯೊದ ಕತ್ತಲೊಳಗೆ ಬಿಸಿಲಿನ ಕೋಲು ಬೇಕಿತ್ತು. ಮೂರ್ತಿ ಹೊರಗೊಂದು ದೊಡ್ಡ ಕನ್ನಡಿ ನಿಲ್ಲಿಸಿ ಸೂರ್ಯನನ್ನು ಹಿಡಿದರು. ಒಳಗಿನ ಇನ್ನೊಂದು ಕನ್ನಡಿ ಆ ಬೆಳಕನ್ನು ನಟರ ನಡುವೆ ಇಳಿಸಿತು. ಗಾಳಿಯಲ್ಲಿ ತೇಲುವ ಹುಡಿ ಕೂಡ ಅದರಲ್ಲಿ ಮಿನುಗುತ್ತದೆ. ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತರೂ ಛಾಯಾಗ್ರಹಣಕ್ಕೆ ಫಿಲ್ಮ್‌ಫೇರ್ ಬಂತು. ‘ಸಾಹಿಬ್ ಬೀಬಿ ಔರ್ ಗುಲಾಮ್’ಗೆ ಇನ್ನೊಮ್ಮೆ.

ಮೂರ್ತಿ ಕಲಿತದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಅಲ್ಲೇ ಓದಿದ ಗೋವಿಂದ ನಿಹಲಾನಿ ಮುಂದೆ ಮೂರ್ತಿಯವರ ಸಹಾಯಕರಾದರು, ಕನ್ನಡದ ‘ಕಾಡು’ (1973) ಚಿತ್ರಕ್ಕೆ ಕ್ಯಾಮೆರಾ ಹಿಡಿದರು, ‘ಜುನೂನ್’ಗೆ ರಾಷ್ಟ್ರಪ್ರಶಸ್ತಿ ಪಡೆದರು. ಒಂದು ಪಾಲಿಟೆಕ್ನಿಕ್ ಹಿಂದಿ ಚಿತ್ರರಂಗಕ್ಕೆ ಕೊಟ್ಟ ಈ ಬೆಳಕಿನ ಬಳುವಳಿಯ ಕಥೆ ಇನ್ನೂ ವಿಸ್ತಾರವಾಗಿ ದಾಖಲಾಗಬೇಕು.

ಕನ್ನಡದ ಮಟ್ಟಿಗೆ ಎಸ್. ರಾಮಚಂದ್ರ ‘ಋಷ್ಯಶೃಂಗ’ಕ್ಕೆ ರಾಷ್ಟ್ರಪ್ರಶಸ್ತಿ ತಂದರು. ‘ಘಟಶ್ರಾದ್ಧ’ದ ಕಪ್ಪು-ಬಿಳುಪು ಅವರದೇ, ‘ಮಾಲ್ಗುಡಿ ಡೇಸ್’ ಧಾರಾವಾಹಿಯಿಂದ ಅವರ ಕೆಲಸ ದೇಶದ ಮನೆಮನೆಗೂ ಹೋಯಿತು. ನಿರ್ದೇಶಕ ಕಾಸರವಳ್ಳಿಯವರ ‘ದ್ವೀಪ’ದಲ್ಲಿ (2001) ಮಳೆಯನ್ನೂ ಏರುವ ನೀರನ್ನೂ ಪಾತ್ರಗಳಷ್ಟೇ ಜೀವಂತವಾಗಿ ಸೆರೆಹಿಡಿದ ಎಚ್.ಎಂ. ರಾಮಚಂದ್ರ ಅವರಿಗೂ ಆ ಗೌರವ ಸಂದಿತು.

ತಪ್ಪಿಹೋದದ್ದೂ ಉಂಟು. ಹೊಸೂರಿಗೆ ದೂರವಲ್ಲದ ರಾಮನಗರದ ಬಂಡೆಗಳನ್ನು ‘ಶೋಲೆ’ಯಲ್ಲಿ (1975) ಅಮರಗೊಳಿಸಿದವರು ದ್ವಾರಕಾ ದಿವೇಚಾ. ಆ ಚಿತ್ರಕ್ಕೆ ಫಿಲ್ಮ್‌ಫೇರ್ ಸ್ಪರ್ಧೆಯಲ್ಲಿ ದಕ್ಕಿದ್ದು ಸಂಕಲನದ ಪ್ರಶಸ್ತಿ ಮಾತ್ರ.

ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ 1969ರಲ್ಲೇ ಆರಂಭವಾಗಿತ್ತು. ಛಾಯಾಗ್ರಾಹಕರೊಬ್ಬರಿಗೆ ಅದು ಮೊದಲ ಬಾರಿ ಒಲಿದದ್ದು 2008ನೇ ಸಾಲಿಗೆ, ವಿ.ಕೆ. ಮೂರ್ತಿಯವರ ಮೂಲಕ. 2010ರಲ್ಲಿ ಅದನ್ನು ಸ್ವೀಕರಿಸುವಾಗ ಅವರಿಗೆ 86 ವರ್ಷ. ಸ್ಟುಡಿಯೊದೊಳಕ್ಕೆ ಬಿಸಿಲು ತಂದು ಅರ್ಧ ಶತಮಾನ ಕಳೆದಿತ್ತು.