ತಾಡ, ಮಾಡ ಮತ್ತು ಪಾಮ್ ಬೀಚ್

ವಾಶಿಯಿಂದ ಬೇಲಾಪುರದವರೆಗೆ ಖಾಡಿಯ ಅಂಚಿನಲ್ಲೇ ಸುಮಾರು 10 ಕಿಲೋಮೀಟರ್ ಸಾಗುವ ರಸ್ತೆಗೆ ಪಾಮ್ ಬೀಚ್ ಮಾರ್ಗ ಎಂದು ಹೆಸರು. ಅಲ್ಲಿ ಬೀಚ್ ಇಲ್ಲ. ಇರುವುದು ಥಾಣೆ ಖಾಡಿಯ ಕೆಸರು, ಆ ಕೆಸರಿನಲ್ಲಿ ಬೇರುಬಿಟ್ಟ ಕಾಂಡ್ಲಾ ಕಾಡು, ಚಳಿಗಾಲ ಕಳೆಯಲು ಬರುವ ರಾಜಹಂಸಗಳು. ಹೆಸರಿಟ್ಟವರ ಕಣ್ಣಲ್ಲಿ ಯಾವ ದೇಶದ ಕಡಲತೀರ ಇತ್ತೋ ಗೊತ್ತಿಲ್ಲ, ಕೆಸರಂತೂ ಇರಲಿಲ್ಲ. ಇಂದು ಡೊಂಬಿವಲಿ, ಕಲ್ಯಾಣ, ಘೋಡ್‌ಬಂದರ್ ರಸ್ತೆ ಎಲ್ಲಿ ಹೋದರೂ ಹೊಸ ಕಟ್ಟಡಗಳ ಗೇಟಿನ ಇಕ್ಕೆಲಗಳಲ್ಲಿ ಅದೇ ಚಿತ್ರ: ಸಾಲಾಗಿ ನಿಂತ ರಾಯಲ್ ಪಾಮ್, ಬಾಟಲ್ ಪಾಮ್, ಫಾಕ್ಸ್‌ಟೇಲ್ ಪಾಮ್. ಮೊದಲನೆಯದು ಕ್ಯೂಬಾದ್ದು. ಎರಡನೆಯದು ಮಾರಿಷಸ್ ಪಕ್ಕದ ಸಣ್ಣ ದ್ವೀಪದ್ದು. ಮೂರನೆಯದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನದು. ಅದಕ್ಕೆ ಸಸ್ಯಶಾಸ್ತ್ರದಲ್ಲಿ ಹೆಸರು ಸಿಕ್ಕಿದ್ದೇ 1983ರಲ್ಲಿ.

ಇವು ನಮ್ಮ ನೆಲಕ್ಕೆ ಒಪ್ಪುತ್ತವೆಯೇ? ಕೂಡಲೇ ಬರುವ ಉತ್ತರ, "ಪರದೇಶಿ ಮರ, ಬೇಡ" ಎನ್ನುವುದು. ಈ ಕರಾವಳಿಯ ಇತಿಹಾಸವನ್ನು ಸ್ವಲ್ಪ ಕೆದಕಿದರೆ ಆ ಉತ್ತರ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ.

ಮೊದಲಿಗೆ, ತಾಳೆಯ ಜಾತಿಯ ಮರಗಳು ಇಲ್ಲಿಗೆ ಹೊಸವಲ್ಲ. ನಾಸಿಕದ ಪಾಂಡವಲೇಣಿ ಗುಹೆಗಳಲ್ಲಿ ಕ್ಷತ್ರಪ ನಹಪಾನನ ಅಳಿಯ ಉಷವದಾತನ ಶಾಸನಗಳಿವೆ. ಸುಮಾರು 1,900 ವರ್ಷ ಹಿಂದಿನವು. ಅವುಗಳಲ್ಲಿ ಒಂದು, ನಾನಂಗೋಲ ಎಂಬ ಹಳ್ಳಿಯ 32,000 ತೆಂಗಿನ ಮರಗಳನ್ನು ಆತ ಪರಿವ್ರಾಜಕರಿಗೆ ದಾನ ಕೊಟ್ಟನೆಂದು ಹೇಳುತ್ತದೆ. ದಾನ ಪಡೆದವರಲ್ಲಿ ಶೂರ್ಪಾರಕದವರೂ ಇದ್ದರು, ಎಂದರೆ ಇಂದಿನ ನಾಲಾಸೋಪಾರಾದವರು. ನಾನಂಗೋಲವನ್ನು ವಿದ್ವಾಂಸರು 1960ರವರೆಗೂ ಥಾಣೆ ಜಿಲ್ಲೆಗೆ ಸೇರಿದ್ದ ಉಂಬರಗಾಂವ್ ಬಳಿಯ ನಾರಗೋಳ ಎಂದು ಗುರುತಿಸಿದ್ದಾರೆ. ಶಾಸನದ ಪದ 'ನಾಳಿಗೇರ', ನಮ್ಮ ನಾರಿಕೇಳವೇ. ದಾನ ಕೊಟ್ಟಿದ್ದು ಗದ್ದೆಯನ್ನಲ್ಲ, ಮರಗಳನ್ನು, ಅದೂ ಲೆಕ್ಕ ಹಿಡಿದು. ಪ್ರತಿ ಮರವೂ ಒಂದು ಆದಾಯ ಎಂಬ ಕಾಲ ಅದು.

ಅಲ್ಲಿಂದ ಸುಮಾರು 1,200 ವರ್ಷ ಮುಂದಕ್ಕೆ ಬನ್ನಿ. 1321ರಲ್ಲಿ ಥಾಣೆಗೆ ಬಂದ ಜೋರ್ಡಾನಸ್ ಎಂಬ ಕ್ರೈಸ್ತ ಸಂನ್ಯಾಸಿ ತಾನು ಕಂಡ ಭಾರತದ ಬಗ್ಗೆ ಲ್ಯಾಟಿನ್‌ನಲ್ಲಿ ಒಂದು ಸಣ್ಣ ಪುಸ್ತಕ ಬರೆದ. ಅವನನ್ನು ಬೆರಗುಗೊಳಿಸಿದ ಮರಗಳಲ್ಲಿ 'ನಾರ್ಗಿಲ್' ಒಂದು, 'ತಾರಿ' ಇನ್ನೊಂದು. ತೆಂಗು ಮತ್ತು ತಾಳೆ. ಮರಾಠಿಯಲ್ಲಿ ಇಂದಿಗೂ ತೆಂಗು ಮಾಡ, ತಾಳೆ ತಾಡ, ಈಚಲು ಶಿಂದಿ, ಬೈನೆ ಭೇರ್ಲಿ ಮಾಡ. ತಾಡದಿಂದ ಇಳಿಸಿದ್ದು ತಾಡಿ. ಇಂಗ್ಲಿಷರ ಬಾಯಲ್ಲಿ ಅದೇ ಟಾಡಿ ಆಯಿತು.

ಮರ ಹತ್ತಿ ಕಳ್ಳು ಇಳಿಸುತ್ತಿದ್ದವರು ಭಂಡಾರಿಗಳು. ನಮ್ಮ ಕರಾವಳಿಯಲ್ಲಿ ಬಿಲ್ಲವರು ಮಾಡುತ್ತಿದ್ದ ಮೂರ್ತೆದಾರಿಕೆಯೇ ಇಲ್ಲಿ ಭಂಡಾರಿಗಳ ಕಸುಬು. ಸರಕಾರದ ಕಣ್ಣು ಆ ಮರಗಳ ಮೇಲೆ ಯಾವಾಗಲೂ ಇತ್ತು. 1878ರ ಮುಂಬಯಿ ಅಬಕಾರಿ ಕಾಯ್ದೆ ಬಂದ ಮೇಲೆ ಕಳ್ಳು ಇಳಿಸುವ ಮರದ ಮೇಲಿನ ತೆರಿಗೆ ಏರಿತು, ಭಂಡಾರಿಗಳು ಪ್ರತಿಭಟಿಸಿದರು. 1892ರಲ್ಲಿ ಇನ್ನೊಂದು ಕಾಯ್ದೆ ಥಾಣೆ ಮತ್ತು ಕೊಲಾಬಾ ಜಿಲ್ಲೆಗಳಲ್ಲಿ ಇಪ್ಪೆ ಹೂವಿನ ಸಂಗ್ರಹಕ್ಕೂ ಕಡಿವಾಣ ಹಾಕಿತು. ಕಾಡಿನಲ್ಲಿ ಬಿದ್ದ ಹೂ ಆರಿಸುವುದಕ್ಕೂ ಕಾನೂನು! 1949ರ ಪಾನನಿಷೇಧ ಕಾಯ್ದೆ ಬಂದ ಮೇಲೆ ಕಸುಬು ಮತ್ತಷ್ಟು ಕುಗ್ಗಿತು. ಈಗ ಉಳಿದಿರುವುದು ಕೆಲವು ಲೋಕಲ್ ಸ್ಟೇಷನ್ನುಗಳ ನೀರಾ ಅಂಗಡಿ, ಏಪ್ರಿಲ್-ಮೇ ತಿಂಗಳಲ್ಲಿ ಬುಟ್ಟಿಯಲ್ಲಿ ಬರುವ ತಾಡಗೋಳೆ, ಅಂದರೆ ನಮ್ಮ ತಾಟಿನುಂಗು.

ಇಷ್ಟು ಹೇಳಿದ್ದೇಕೆಂದರೆ, ಹಳೆಯ ತಾಳೆ ಕೆಲಸದ ಮರ. ಅದನ್ನು ಹತ್ತುವವರಿದ್ದರು, ಗರಿ ಹೆಣೆಯುವವರಿದ್ದರು, ಅದರ ಮೇಲೆ ತೆರಿಗೆ ಇತ್ತು, ಜಗಳ ಇತ್ತು. ನಮ್ಮ ಹಳಗನ್ನಡ ಕಾವ್ಯಗಳು ಉಳಿದು ಬಂದದ್ದೂ ತಾಳೆಗರಿಯ ಮೇಲೆಯೇ. ಇಂದಿನ ರಾಯಲ್ ಪಾಮನ್ನು ಯಾರೂ ಹತ್ತುವುದಿಲ್ಲ. ತಿನ್ನಲು, ಕುಡಿಯಲು, ಹೆಣೆಯಲು ಅದರಿಂದ ನಮಗೆ ಏನೂ ಇಲ್ಲ.

ಹಾಗಾದರೆ ಪರದೇಶಿ ಎನ್ನುವುದೇ ದೋಷವೇ? ಅಲ್ಲ. ಈ ಭಾಗದ ಊರುಗಳ ಹೆಸರು ನೋಡಿ. ಕಲ್ಯಾಣದ ಉಂಬರ್ಡೆಯಲ್ಲಿ ಉಂಬರ, ನಮ್ಮ ಅತ್ತಿ. ಪನವೇಲಿನ ಕರಂಜಾಡೆಯಲ್ಲಿ ಕರಂಜ, ನಮ್ಮ ಹೊಂಗೆ. ಪಳಸ್ಪೆಯಲ್ಲಿ ಪಳಸ, ನಮ್ಮ ಮುತ್ತುಗ. ಜಾಂಭೂಳ ಎಂಬ ಊರೇ ನೇರಳೆ. ಐರೋಲಿಯ ಚಿಂಚ್‌ಪಾಡಾದಲ್ಲಿ ಚಿಂಚ, ಅಂದರೆ ಹುಣಸೆ. ಈ ಹುಣಸೆಯ ತವರು ಆಫ್ರಿಕಾ! ಹೊರಗಿನಿಂದ ಬಂದ ಮರ ಇಲ್ಲಿನ ಪಾಡಾಕ್ಕೆ ತನ್ನ ಹೆಸರನ್ನೇ ಕೊಟ್ಟಿದೆ. ಬೆಂಗಳೂರನ್ನು ಹೂವಿನ ಊರು ಮಾಡಿದ ಕೃಂಬಿಗಲ್ ಕೂಡ ಎಷ್ಟೋ ಮರಗಳನ್ನು ಹೊರದೇಶಗಳಿಂದಲೇ ತರಿಸಿದ್ದು. ಅಷ್ಟೇಕೆ, ಶ್ರೀಸ್ಥಾನಕವೆಂಬ ಥಾಣೆಯನ್ನು ಆಳಿದ ಶಿಲಾಹಾರರು ತಮ್ಮ ಶಾಸನಗಳಲ್ಲಿ 'ನನ್ನಿಸಮುದ್ರ' ಎಂಬ ಕನ್ನಡ ಬಿರುದನ್ನು ಹೊತ್ತಿದ್ದರು. ಯಾರು ಸ್ಥಳೀಯ, ಯಾರು ವಲಸೆ ಎಂಬ ಗೆರೆಯನ್ನು ಡೊಂಬಿವಲಿಯ ಕನ್ನಡಿಗನಾದ ನಾನು ಜೋರಾಗಿ ಎಳೆಯಲಾರೆ.

ಕೇಳಬೇಕಾದ ಪ್ರಶ್ನೆ ಬೇರೆ: ಬಂದ ಮರ ಇಲ್ಲಿ ಏನು ಮಾಡುತ್ತದೆ?

ಕಳೆದ ಮಳೆಗಾಲದಲ್ಲಿ ನಮ್ಮ ಸೊಸೈಟಿಯ ಹಳೆಯ ಮಳೆಮರ ಉರುಳಿತು. ಅದೂ ಅಮೆರಿಕ ಖಂಡದಿಂದ ಬಂದ ಮರವೇ. ಆದರೆ ಅದರ ನೆರಳಿನಲ್ಲಿ ಇಸ್ತ್ರಿಯವನ ಗಾಡಿ, ಮೂರು ರಿಕ್ಷಾ, ಶಾಲಾ ಬಸ್ಸಿಗೆ ಕಾಯುವ ತಾಯಂದಿರು ಎಲ್ಲರೂ ಹಿಡಿಸುತ್ತಿದ್ದರು. ಅದರ ಜಾಗಕ್ಕೆ 12 ಪಾಮ್ ನೆಡುವ ಪ್ರಸ್ತಾವ ಜನರಲ್ ಬಾಡಿ ಮೀಟಿಂಗಿಗೆ ಬಂತು. ಪರವಾಗಿ ಹೇಳಿದ ಕಾರಣಗಳು ಸುಳ್ಳಲ್ಲ. ಪಾಮ್ ಕಂಪೌಂಡ್ ಗೋಡೆ ಒಡೆಯುವುದಿಲ್ಲ, ಡ್ರೈನೇಜ್ ಪೈಪಿಗೆ ಬೇರು ನುಗ್ಗಿಸುವುದಿಲ್ಲ, ಕಾರುಗಳ ಮೇಲೆ ದಿನವೂ ಕಸ ಉದುರಿಸುವುದಿಲ್ಲ. ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಪ್ರಾಜೆಕ್ಟ್ ನಡೆಸುವ ನನಗೆ ಅದು ಚೆನ್ನಾಗಿ ಗೊತ್ತು: ಡೆಲಿವರಿ ಡೇಟ್. ಪಾಮಿನ ಬೇರು ಒಂದು ಸಣ್ಣ ಮುದ್ದೆ. ಬೆಳೆದ ಮರವನ್ನೇ ಕಿತ್ತು ಲಾರಿಯಲ್ಲಿ ತಂದು ನಿಲ್ಲಿಸಿದರೆ ಬುಡದಿಂದ ಹೊಸ ಬೇರು ಬಿಡುತ್ತದೆ. ಕೀಲಿಕೈ ಕೊಡುವ ದಿನವೇ ಬ್ರೋಷರಿನ ಚಿತ್ರ ಸಿದ್ಧ. ಹೊಂಗೆಗೆ ಹತ್ತು ವರ್ಷ ಕಾಯಬೇಕು.

ಆದರೆ ಇದು ಜೂನ್‌ನಿಂದ ನಾಲ್ಕು ತಿಂಗಳು ಸುರಿದು, ಮಾರ್ಚ್‌ನಿಂದ ಮೇವರೆಗೆ ಬೇಯುವ ಊರು. ಇಲ್ಲಿ ಮರದಿಂದ ಬೇಕಾದದ್ದು ಮೊದಲು ನೆರಳು. ಪಾಮಿಗೆ ಕೊಂಬೆ ಇಲ್ಲ, ತಲೆಯ ಮೇಲೊಂದು ಗರಿಯ ಗೊಂಚಲು ಅಷ್ಟೇ. ಪಕ್ಕದ ಸೊಸೈಟಿಯ ವಾಚ್‌ಮನ್ ಪಾಮಿನ ನೆರಳಿನ ಹಿಂದೆ ಕುರ್ಚಿ ಎಳೆದುಕೊಂಡು ಗೇಟಿನ ಈ ಬದಿಯಿಂದ ಆ ಬದಿಗೆ ದಿನವಿಡೀ ತಿರುಗುತ್ತಾನೆ. ಗೋಡೆ ಉಳಿಯಿತು, ಕಾರು ಉಳಿಯಿತು, ಅವನಿಗೆ ನೆರಳಿಲ್ಲ.

ಕಾನೂನು ಇಲ್ಲವೆಂದಲ್ಲ. ಮಹಾರಾಷ್ಟ್ರದ ನಗರ ವೃಕ್ಷ ಸಂರಕ್ಷಣಾ ಕಾಯ್ದೆ 1975ರದು. 2021ರ ತಿದ್ದುಪಡಿ 50 ವರ್ಷ ದಾಟಿದ ಮರಗಳನ್ನು ಪಾರಂಪರಿಕ ಎಂದು ಕರೆದು, ಕಡಿದ ಮರದ ವಯಸ್ಸಿನಷ್ಟೇ ಗಿಡಗಳನ್ನು ನೆಡಬೇಕೆಂದಿತು. ಒಳ್ಳೆಯದೇ. ಆದರೆ ನಾವು ಸಂಖ್ಯೆಯನ್ನಷ್ಟೇ ಎಣಿಸಿ ನೆರಳನ್ನು ಅಳೆಯದಿದ್ದರೆ ಒಂದು ಮಳೆಮರಕ್ಕೆ 12 ಪಾಮ್ ಲಾಭದ ವ್ಯಾಪಾರದಂತೆಯೇ ಕಾಣುತ್ತದೆ.

ಹಸಿರು ಎಂದ ಮಾತ್ರಕ್ಕೆ ಎಲ್ಲ ಹಸಿರೂ ಒಂದೇ ಅಲ್ಲ. 1970ರಲ್ಲಿ ಸಿಡ್ಕೋ ಹುಟ್ಟಿ 95 ಹಳ್ಳಿಗಳ ನೆಲದ ಮೇಲೆ ಹೊಸ ನಗರ ಎದ್ದಾಗ ಗದ್ದೆ, ಉಪ್ಪಿನಾಗರಗಳ ಜತೆಗೆ ಕಾಂಡ್ಲಾದ ಬೆಲೆಯೂ ನಮಗೆ ಮರೆತುಹೋಗಿತ್ತು. 2005ರಲ್ಲಿ ಮುಂಬಯಿ ಹೈಕೋರ್ಟ್ ಅದನ್ನು ಕಡಿಯಬಾರದೆಂದಿತು. 2015ರಲ್ಲಿ ಖಾಡಿ ರಾಜಹಂಸಗಳ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸರ್ ಪಟ್ಟಿ ಸೇರಿತು. ಯಾರೂ ಬ್ರೋಷರಿನಲ್ಲಿ ಹಾಕದ ಆ ಕೆಸರಿನ ಗಿಡವೇ ಉಬ್ಬರದ ನೀರನ್ನು ತಡೆಯುವುದು, ಮೀನಿನ ಮರಿಗಳನ್ನು ಸಾಕುವುದು.

ನಮ್ಮ ಮೀಟಿಂಗಿನಲ್ಲಿ ನಾನು ಹೇಳಿದ್ದು ಇಷ್ಟೇ: ಗೋಡೆಗೆ ಒತ್ತಿದ ಇಕ್ಕಟ್ಟಿನ ಜಾಗದಲ್ಲಿ ಪಾಮ್ ಬೇಕೆಂದರೆ ಇರಲಿ, ಇಲ್ಲಿಯದೇ ಬೈನೆ ನೆಡೋಣ; ಹಕ್ಕಿಗಳಿಗಾದರೂ ಹಣ್ಣು ಸಿಗುತ್ತದೆ. ಮಳೆಮರ ಇದ್ದ ಜಾಗದಲ್ಲಿ ಮಾತ್ರ ಒಂದು ಹೊಂಗೆ, ಒಂದು ತಾಮ್ಹಣ. ತಾಮ್ಹಣ ಎಂದರೆ ನಮ್ಮ ಹೊಳೆದಾಸವಾಳ, ಮಹಾರಾಷ್ಟ್ರದ ರಾಜ್ಯಪುಷ್ಪ. ಮತ ಇನ್ನೂ ಆಗಿಲ್ಲ, ಮುಂದಿನ ಮೀಟಿಂಗಿಗೆ ಹೋಗಿದೆ. ನಿಮ್ಮ ಸೊಸೈಟಿಯಲ್ಲೂ ಇಂಥ ಕೊಟೇಶನ್ ಬಂದರೆ, ದರ ನೋಡುವ ಮೊದಲು ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಆ ಮರದ ಕೆಳಗೆ ಎಷ್ಟು ಜನ ನಿಲ್ಲಬಹುದು ಎಂದು ಕೇಳಿ.