ಟ್ರ್ಯಾಕ್ಟರಿನ ಜಗ್ಗಾಟವೂ ಎಂಜಿನ್ನಿನ ಪಲ್ಲಟವೂ

ಅರಸರ ಚರಿತ್ರೆ ಶಾಸನಗಳಲ್ಲಿ ಉಳಿದಿದೆ. ಮಠಮಂದಿರಗಳ ಚರಿತ್ರೆ ಪುರಾಣಗಳಲ್ಲಿ ಉಳಿದಿದೆ. ಒಕ್ಕಲುತನದ ಉಪಕರಣಗಳ ಚರಿತ್ರೆಯನ್ನು ಬರೆದಿಟ್ಟವರು ಮಾತ್ರ ವಿರಳ. ಮುರಿದ ನೇಗಿಲು ಒಲೆಗೆ ಹೋಗುತ್ತದೆ. ಸವೆದ ಕಬ್ಬಿಣ ಗುಜರಿಗೆ ಹೋಗುತ್ತದೆ. ಈಚೆಗೆ ಹಳೆಯ ಟ್ರ್ಯಾಕ್ಟರುಗಳಿಗೂ ಇದೇ ಗತಿ ಒದಗಿರುವುದನ್ನು ನಾವು ಕಾಣುತ್ತಿದ್ದೇವೆ. ಗುಜರಿಗೆ ಹೋಗದೆ ಉಳಿದ ಕೆಲವು, ಮೂಲ ಎಂಜಿನ್ನನ್ನು ಕಳೆದುಕೊಂಡು, ಬೇರೊಂದು ಎಂಜಿನ್ನನ್ನು ಹೊತ್ತು, ಜಗ್ಗಾಟದ ಕಣಕ್ಕೆ ಇಳಿಯುವುದುಂಟು. ಈ ರೂಢಿಯ ಪೂರ್ವೋತ್ತರವನ್ನು ವಾಚಕರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ದುಧನಿ ಅಕ್ಕಲಕೋಟ ತಾಲೂಕಿನ ಅಂಚಿನ ಊರು. ಪಕ್ಕದಲ್ಲಿಯೇ ಕಲಬುರ್ಗಿ ಜಿಲ್ಲೆಯ ಅಫಜಲಪುರ ತಾಲೂಕು. ಭೋಸಲೆ ಮನೆತನದ ಅಕ್ಕಲಕೋಟ ಸಂಸ್ಥಾನ ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೬೦ರಲ್ಲಿ ಈ ಸೀಮೆ ಮಹಾರಾಷ್ಟ್ರಕ್ಕೆ ಸೇರಿತು. ಆಡಳಿತ ಬದಲಾದರೂ ಎರೆಯ ನೆಲ ಬದಲಾಗಲಿಲ್ಲ; ಅದರಲ್ಲಿ ಬೆಳೆಯುವ ಬಿಳಿಜೋಳ, ತೊಗರಿ, ಕಡಲೆಗಳೂ ಬದಲಾಗಲಿಲ್ಲ. ಸೊಲ್ಲಾಪುರದಿಂದ ರಾಯಚೂರಿಗೆ ಹೋಗುವ ರೈಲುದಾರಿ ೧೮೭೧ರಲ್ಲಿ ಪೂರ್ಣವಾಯಿತು. ಹೀಗೆ ನಮ್ಮ ಹಿರಿಯರು ಎಂಜಿನ್ ಎಂಬುದನ್ನು ಮೊದಲು ಕಂಡದ್ದು ಹಳಿಯ ಮೇಲೆ. ಅದು ಹೊಲಕ್ಕೆ ಇಳಿದುಬರಲು ಮತ್ತೆ ಮುಕ್ಕಾಲು ಶತಮಾನಕ್ಕೂ ಮಿಕ್ಕಿ ಹಿಡಿಯಿತು.

ಅಲ್ಲಿಯವರೆಗೆ ಈ ಭಾಗದ ಜಗ್ಗುವ ಬಲವೆಲ್ಲ ಎತ್ತಿನದು. ಸೊಲ್ಲಾಪುರ, ಸಾಂಗೋಲೆ, ಆಟಪಾಡಿ, ಜತ್ತ ಸೀಮೆಯ ಖಿಲಾರಿ ತಳಿ ದುಡಿಮೆಗೂ ನಡಿಗೆಯ ಚುರುಕಿಗೂ ಪ್ರಸಿದ್ಧವಾದುದು. ಒಂದು ಎತ್ತು ತನ್ನ ಮೈತೂಕದ ಹತ್ತನೆಯ ಒಂದು ಪಾಲಿನಷ್ಟು ಬಲದಿಂದ ದಿನವಿಡೀ ಎಳೆಯಬಲ್ಲುದೆಂದೂ, ಒಂದು ಜೋಡೆತ್ತಿನ ದುಡಿಮೆ ಸುಮಾರು ಒಂದು ಕುದುರೆಶಕ್ತಿಗೆ ಸಮವೆಂದೂ ಕೃಷಿಶಾಸ್ತ್ರಜ್ಞರು ಲೆಕ್ಕ ಹಾಕುತ್ತಾರೆ. ಆದರೆ ಕ್ಷಣಕಾಲ ಅದು ಇದರ ಎಷ್ಟೋ ಪಟ್ಟು ಬಲ ತೋರಬಲ್ಲುದು. ಕಾರಹುಣ್ಣಿಮೆಗೆ ಎತ್ತು ಓಡಿಸುವುದು, ಜಾತ್ರೆಯಲ್ಲಿ ಜೋಡೆತ್ತಿಗೆ ಭಾರವಾದ ಕಲ್ಲು ಕಟ್ಟಿ ಜಗ್ಗಿಸುವುದು ಇವೆಲ್ಲ ಆ ಬಲದ ಪರೀಕ್ಷೆಗಳು. ಇವು ಕೇವಲ ವಿನೋದವಾಗಿರಲಿಲ್ಲವೆಂಬುದನ್ನು ಗಮನಿಸಬೇಕು. ಯಾವ ಹೋರಿಯನ್ನು ತಳಿಗೆ ಬಿಡಬೇಕು, ಯಾವ ಎತ್ತಿಗೆ ಎಷ್ಟು ಬೆಲೆ ಎಂಬುದನ್ನು ನೆರೆದ ಮಂದಿ ಅಲ್ಲಿಯೇ ಕಣ್ಣಾರೆ ಕಂಡು ನಿಶ್ಚಯಿಸುತ್ತಿದ್ದರು. ಪಂದ್ಯದ ಫಲ ಮರಳಿ ಹೊಲಕ್ಕೇ ಬರುತ್ತಿತ್ತು.

ಕಬ್ಬಿಣದ ಉಪಕರಣ ಈ ಕಡೆ ಬಂದ ಕಥೆ ಬೆಳಗಾವಿಯಿಂದ ಮೊದಲಾಗುತ್ತದೆ. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ೧೯೦೩ರಲ್ಲಿ ಕಬ್ಬಿಣದ ನೇಗಿಲನ್ನು ತಯಾರಿಸಿದಾಗ, ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುತ್ತದೆಂದು ಒಕ್ಕಲಿಗರು ಅದನ್ನು ಕೊಳ್ಳಲು ಹಿಂಜರಿದರು. ೧೯೧೦ರಲ್ಲಿ ಕಾರಖಾನೆ ಔಂಧ ಸಂಸ್ಥಾನದ ಕಿರ್ಲೋಸ್ಕರವಾಡಿಗೆ ಹೋಯಿತು. ಮುಂದೆ ೧೯೪೬ರಲ್ಲಿ ಆ ಮನೆತನವೇ ಪುಣೆಯಲ್ಲಿ ಡೀಸೆಲ್ ಎಂಜಿನ್ನುಗಳ ಕಂಪನಿಯನ್ನು ಸ್ಥಾಪಿಸಿತು. ಬಾವಿಯ ದಂಡೆಯ ಮೇಲೆ ಕುಳಿತ ಆ ಎಂಜಿನ್ನುಗಳ ಬಳಿಯಲ್ಲಿಯೇ ನಮ್ಮ ಹಳ್ಳಿಯ ಹುಡುಗರು ಯಂತ್ರವಿದ್ಯೆಯ ಓಂ ನಾಮ ಕಲಿತರೆಂದರೆ ತಪ್ಪಾಗದು. ಆಯ ಪಡೆದು ಕುಳ ಹಣಿಯುತ್ತಿದ್ದ ಕಂಬಾರನ ಸ್ಥಾನಕ್ಕೆ ಕ್ರಮೇಣ ಗ್ಯಾರೇಜಿನ ಮಿಸ್ತ್ರಿ ಬಂದನು.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಟ್ರ್ಯಾಕ್ಟರುಗಳು ಹೊರದೇಶಗಳಿಂದಲೇ ಬರುತ್ತಿದ್ದವು. ೧೯೫೯ರಲ್ಲಿ ಫರೀದಾಬಾದಿನ ಐಷರ್ ಕಾರಖಾನೆಯಿಂದ ನಮ್ಮ ದೇಶದಲ್ಲಿ ಕಟ್ಟಿದ ಟ್ರ್ಯಾಕ್ಟರು ಹೊರಬಿತ್ತು. ೧೯೬೦ರಲ್ಲಿ ಮದರಾಸಿನ ಟಾಫೆ, ಮ್ಯಾಸಿ ಫರ್ಗ್ಯುಸನ್ ಕಂಪನಿಯ ಸಹಕಾರದಿಂದ ಹುಟ್ಟಿತು. ೧೯೬೩ರಲ್ಲಿ ಮಹೀಂದ್ರರು ಇಂಟರ್‌ನ್ಯಾಷನಲ್ ಹಾರ್ವೆಸ್ಟರಿನೊಡನೆ ಕೂಡಿ ಕಂಪನಿ ಮಾಡಿದರು. ೧೯೭೧ರಲ್ಲಿ ಪಿಂಜೋರಿನಿಂದ ಎಚ್.ಎಂ.ಟಿ. ಟ್ರ್ಯಾಕ್ಟರುಗಳು ಬರತೊಡಗಿದವು. ಇಂದು ಹಳೆಯವೆಂದು ನಾವು ಕರೆಯುವ ಟ್ರ್ಯಾಕ್ಟರುಗಳು ಬಹುಮಟ್ಟಿಗೆ ಈ ಪೀಳಿಗೆಯವು.

ಇವುಗಳ ಎಂಜಿನ್ ಬದಲಿಸುವುದು ಎಷ್ಟು ಕಷ್ಟದ ಕೆಲಸವೆಂದು ತಿಳಿಯಲು ಟ್ರ್ಯಾಕ್ಟರಿನ ಮೈಕಟ್ಟನ್ನು ಅರಿಯಬೇಕು. ಮೋಟಾರುಗಾಡಿಯಲ್ಲಿ ಎಂಜಿನ್ ಒಂದು ಚೌಕಟ್ಟಿನ ಮೇಲೆ ಕುಳಿತಿರುತ್ತದೆ. ಅದನ್ನು ಎತ್ತಿ ಇನ್ನೊಂದನ್ನು ಕೂಡಿಸಿದರೂ ಗಾಡಿ ತನ್ನ ಕಾಲ ಮೇಲೆ ನಿಂತಿರುತ್ತದೆ. ಆದರೆ ೧೯೧೭ರಲ್ಲಿ ಹೆನ್ರಿ ಫೋರ್ಡನು ವಿಪುಲವಾಗಿ ತಯಾರಿಸತೊಡಗಿದ ಫೋರ್ಡ್‌ಸನ್ ಟ್ರ್ಯಾಕ್ಟರಿಗೆ ಚೌಕಟ್ಟೇ ಇರಲಿಲ್ಲ. ಎಂಜಿನ್, ಗೇರುಪೆಟ್ಟಿಗೆ, ಹಿಂದಿನ ಅಚ್ಚು ಇವನ್ನು ಒಂದಕ್ಕೊಂದು ಬೋಲ್ಟಿನಿಂದ ಬಿಗಿದರೆ ಅದೇ ಟ್ರ್ಯಾಕ್ಟರಿನ ಬೆನ್ನೆಲುಬು. ಮುಂದೆ ಬಂದವರು ಹೆಚ್ಚಾಗಿ ಇದೇ ಮಾದರಿಯನ್ನು ಅನುಸರಿಸಿದರು. ಆದುದರಿಂದ ಎಂಜಿನ್ ತೆಗೆದರೆ ಟ್ರ್ಯಾಕ್ಟರು ಎರಡು ತುಂಡಾಗುತ್ತದೆ. ಬೇರೆ ಎಂಜಿನ್ ಕೂಡಿಸಬೇಕಾದರೆ ನಡುವೆ ದಪ್ಪ ಉಕ್ಕಿನ ತಗಡನ್ನು ಕೊರೆದು ಜೋಡಿಸಬೇಕು. ಫ್ಲೈವ್ಹೀಲಿನ ನಡು ಗೇರುಪೆಟ್ಟಿಗೆಯ ದಂಡಕ್ಕೆ ಕೂದಲೆಳೆಯಷ್ಟೂ ವಾರೆಯಾಗದಂತೆ ಕೂಡಬೇಕು. ಮುಂದಿನ ಅಚ್ಚಿನ ಭಾರ ಹೊರಲು ಪಕ್ಕದಲ್ಲಿ ಹೊಸ ತೊಲೆಗಳನ್ನು ಕೊಡಬೇಕು. ವಾರೆಯಾದರೆ ಕ್ಲಚ್ಚು ಸುಡುತ್ತದೆ, ಬೇರಿಂಗು ಒಡೆಯುತ್ತದೆ.

ಹೀಗಿದ್ದರೂ ಎಂಜಿನ್ನಿನ ಪಲ್ಲಟ ಟ್ರ್ಯಾಕ್ಟರಿನಷ್ಟೇ ಹಳೆಯದು. ಅದನ್ನು ಕಲಿಸಿದವರು ತಯಾರಕರೇ. ೧೯೪೬ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಫರ್ಗ್ಯುಸನ್ ಟಿ.ಇ. ೨೦ ಟ್ರ್ಯಾಕ್ಟರಿನ ತಯಾರಿಕೆ ಆರಂಭವಾದಾಗ ಅದಕ್ಕೆ ಅಮೇರಿಕೆಯ ಕಾಂಟಿನೆಂಟಲ್ ಎಂಜಿನ್ ಇತ್ತು. ಸ್ವಲ್ಪಕಾಲದಲ್ಲಿಯೇ ಸ್ಟ್ಯಾಂಡರ್ಡ್ ಕಂಪನಿಯ ಎಂಜಿನ್ ಬಂತು. ೧೯೫೧ರಲ್ಲಿ ಡೀಸೆಲ್ ಎಂಜಿನ್ ಬಂತು. ಅದರ ಮುಂದಿನ ಪೀಳಿಗೆಯಾದ ೩೫ರ ಮಾದರಿಯಲ್ಲಿ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ಚಳಿಯಲ್ಲಿ ಸುಲಭವಾಗಿ ಹೊತ್ತಿಕೊಳ್ಳುತ್ತಿರಲಿಲ್ಲವಾಗಿ, ೧೯೫೯ರ ಕೊನೆಯಲ್ಲಿ ಅದನ್ನು ಬಿಟ್ಟು ಪರ್ಕಿನ್ಸ್ ಕಂಪನಿಯ ಮೂರು ಸಿಲಿಂಡರಿನ ಎಂಜಿನ್ನನ್ನು ಆರಿಸಿಕೊಂಡರು. ಸಿಲಿಂಡರು ಕಡಮೆಯಾದರೂ ಯಂತ್ರ ಉತ್ತಮವಾಯಿತೆಂಬುದು ಇಲ್ಲಿಯ ಪಾಠ. ಅದೇ ಪರ್ಕಿನ್ಸರು ಹಳೆಯ ಟ್ರ್ಯಾಕ್ಟರುಗಳಿಗೆ ಡೀಸೆಲ್ ಎಂಜಿನ್ ಕೂಡಿಸಿಕೊಳ್ಳಲು ಬೇಕಾದ ಸಾಮಾನನ್ನು ಒಟ್ಟಾಗಿ ಮಾರುತ್ತಿದ್ದರು. ಇವೆಲ್ಲ ಉಳಿತಾಯಕ್ಕಾಗಿ, ಹೊಲದ ಕೆಲಸಕ್ಕಾಗಿ ಮಾಡಿದ ಬದಲಾವಣೆಗಳು. ಅಮೇರಿಕೆಯ ಕ್ಯಾನ್ಸಾಸಿನಲ್ಲಿ ವಿಮಾನ ಕಟ್ಟುತ್ತಿದ್ದ ಫಂಕ್ ಸೋದರರು ಎರಡನೆಯ ಮಹಾಯುದ್ಧದ ತರುವಾಯ ಚಿಕ್ಕ ಫೋರ್ಡ್ ಟ್ರ್ಯಾಕ್ಟರಿಗೆ ಆರು ಮತ್ತು ಎಂಟು ಸಿಲಿಂಡರಿನ ಎಂಜಿನ್ ಕೂಡಿಸುವ ಸಲಕರಣೆಯನ್ನು ಮಾರಿದರು. ಇಪ್ಪತ್ತೈದು ಕುದುರೆಶಕ್ತಿಯ ಆಸುಪಾಸಿನ ಯಂತ್ರಕ್ಕೆ ನೂರರ ಸಮೀಪದ ಬಲ ಬಂತು.

ಜಗ್ಗಾಟದ ಪಂದ್ಯವೂ ಅಮೇರಿಕೆಯಲ್ಲಿ ಪ್ರಾಣಿಗಳಿಂದಲೇ ಯಂತ್ರಕ್ಕೆ ದಾಟಿತು. ೧೯೨೩ರಲ್ಲಿ ಅಯೋವಾ ಕಾಲೇಜಿನವರು ಕುದುರೆಗಳ ಎಳೆತವನ್ನು ಅಳೆಯುವ ಬಂಡಿಯನ್ನು ನಿರ್ಮಿಸಿದರು. ೧೯೨೯ರಲ್ಲಿ ಒಹಾಯೋದ ಬೌಲಿಂಗ್ ಗ್ರೀನಿನಲ್ಲಿ ಟ್ರ್ಯಾಕ್ಟರುಗಳ ಪಂದ್ಯ ನಡೆಯಿತು. ಆ ಕಾಲದ ಪಂದ್ಯಗಳಲ್ಲಿ ಜಾರುಬಂಡಿ ಮುಂದೆ ಸಾಗಿದಂತೆ ದಾರಿಯ ಬದಿಯಲ್ಲಿ ನಿಂತ ಜನ ಒಬ್ಬೊಬ್ಬರಾಗಿ ಅದರ ಮೇಲೆ ಹತ್ತಿ ಭಾರ ಹೆಚ್ಚಿಸುವ ಪದ್ಧತಿಯಿತ್ತು. ತರುವಾಯ ಭಾರದ ಪೆಟ್ಟಿಗೆಯೇ ಚಲಿಸುತ್ತ ಮುಂದಕ್ಕೆ ಬರುವ ಜಾರುಬಂಡಿ ಬಂತು. ೧೯೬೯ರಲ್ಲಿ ಎಂಟು ರಾಜ್ಯಗಳ ಪ್ರತಿನಿಧಿಗಳು ಕೂಡಿ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿ ಏಕರೂಪದ ನಿಯಮಗಳನ್ನು ಮಾಡಿದರು. ೧೯೭೦ರ ದಶಕದ ಆರಂಭದಲ್ಲಿ ಒಹಾಯೋದ ಬಾಸ್ಸಿ ಸೋದರರು ಹಲವು ಎಂಜಿನ್ನುಗಳನ್ನು ಒಂದೇ ದಂಡಕ್ಕೆ ಕೂಡಿಸುವ ಗೇರುಪೆಟ್ಟಿಗೆಯನ್ನು ರಚಿಸಿದ ಮೇಲೆ ವಿಮಾನದ ಎಂಜಿನ್ನುಗಳೂ ಕಣಕ್ಕೆ ಬಂದವು. ಅಂಥ ಯಂತ್ರ ಉಳುಮೆಗೆ ಬಾರದು. ಪಂದ್ಯಕ್ಕೂ ಹೊಲಕ್ಕೂ ಇದ್ದ ನಂಟು ಅಲ್ಲಿಗೆ ಹರಿಯಿತು.

ಈಗ ನಮ್ಮ ಕಡೆಗೆ ಬರೋಣ. ಪಂಜಾಬಿನಲ್ಲಿ ಟೋಚನ್ ಎಂಬ ಹೆಸರಿನಿಂದಲೂ, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜಗ್ಗಾಟವೆಂಬ ಹೆಸರಿನಿಂದಲೂ, ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಕಟ್ಟಿ ಎಳೆಸುವ ಪಂದ್ಯ ರೂಢಿಯಲ್ಲಿದೆ. ಇದಕ್ಕಾಗಿ ಎಂಜಿನ್ನಿನ ಬಲ ಹೆಚ್ಚಿಸುವುದು ಎಷ್ಟರಮಟ್ಟಿಗೆ ಸಾರ್ಥಕ? ಒಂದು ಚಿಕ್ಕ ಲೆಕ್ಕ ಮಾಡಿ ನೋಡಬಹುದು. ಎರಡು ಸಾವಿರ ಕಿಲೋ ತೂಕದ ಟ್ರ್ಯಾಕ್ಟರಿನ ಮೂರನೆಯ ಎರಡು ಪಾಲು ಭಾರ, ಅಂದರೆ ಸುಮಾರು ೧೩೩೦ ಕಿಲೋ, ಹಿಂದಿನ ಗಾಲಿಗಳ ಮೇಲಿದೆಯೆನ್ನೋಣ. ಒಣನೆಲದಲ್ಲಿ ಗಾಲಿ ತನ್ನ ಮೇಲಿನ ಭಾರದ ಅರ್ಧದಷ್ಟು ಹಿಡಿತ ಪಡೆದರೆ ಎಳೆತ ೬೬೫ ಕಿಲೋ ಆಗುತ್ತದೆ. ಸೆಕೆಂಡಿಗೆ ಒಂದು ಮೀಟರಿನಂತೆ, ಎಂದರೆ ಮನುಷ್ಯನ ನಡಿಗೆಯ ವೇಗದಲ್ಲಿ, ಇಷ್ಟನ್ನು ಎಳೆಯಲು ಬೇಕಾದದ್ದು ಸುಮಾರು ಒಂಬತ್ತು ಕುದುರೆಶಕ್ತಿ ಮಾತ್ರ. ಗೇರುಗಳಲ್ಲಿ ವ್ಯಯವಾಗುವುದನ್ನು ಕೂಡಿಸಿದರೂ ಮೂವತ್ತೈದು ಕುದುರೆಶಕ್ತಿಯ ಹಳೆಯ ಎಂಜಿನ್ನಿಗೆ ಇದು ಭಾರವಲ್ಲ. ಅದಕ್ಕಿಂತ ಹೆಚ್ಚಿನ ಬಲ ಕೊಟ್ಟರೆ ಗಾಲಿ ನಿಂತಲ್ಲಿಯೇ ತಿರುಗಿ ನೆಲವನ್ನು ತೋಡುತ್ತದೆ. ಅಮೇರಿಕೆಯ ಜಾರುಬಂಡಿಯ ಪಂದ್ಯದಲ್ಲಿ ವೇಗಕ್ಕೆ ಬೆಲೆಯಿರುವುದರಿಂದ ದೊಡ್ಡ ಎಂಜಿನ್ನಿಗೆ ಅರ್ಥವಿದೆ. ಬೆನ್ನಿಗೆ ಬೆನ್ನು ಕಟ್ಟಿದ ಜಗ್ಗಾಟದಲ್ಲಿ ಗೆಲ್ಲಿಸುವುದು ಮುಖ್ಯವಾಗಿ ತೂಕ, ಟೈರಿನ ಹಲ್ಲು, ಸರಪಳಿ ಕಟ್ಟಿದ ಎತ್ತರ.

ಈ ಎತ್ತರದಲ್ಲಿಯೇ ಅಪಾಯವಿದೆ. ಸರಪಳಿಯನ್ನು ಹಿಂದಿನ ಅಚ್ಚಿಗಿಂತ ಮೇಲೆ ಕಟ್ಟಿದರೆ ಮುಂದಿನ ಗಾಲಿಗಳು ಎದ್ದು ಟ್ರ್ಯಾಕ್ಟರು ಚಾಲಕನ ಮೇಲೆಯೇ ಹಿಂದಕ್ಕೆ ಮಗುಚುತ್ತದೆ. ಇದು ಒಂದೆರಡು ಸೆಕೆಂಡಿನ ಕೆಲಸ, ಹಾರಿಕೊಳ್ಳಲು ಸಮಯವಿರುವುದಿಲ್ಲ. ಬಲವಾದ ಎಂಜಿನ್ ಈ ಮಗುಚುವಿಕೆಯನ್ನು ಮತ್ತಷ್ಟು ತ್ವರಿತಗೊಳಿಸುತ್ತದೆ. ಸ್ವೀಡನ್ ದೇಶ ೧೯೫೯ರಷ್ಟು ಹಿಂದೆಯೇ ಹೊಸ ಟ್ರ್ಯಾಕ್ಟರುಗಳಿಗೆ ರಕ್ಷಣೆಯ ಚೌಕಟ್ಟನ್ನು ಕಡ್ಡಾಯ ಮಾಡಿತು. ಅಮೇರಿಕೆಯ ಕಣಗಳಲ್ಲಿ ಜಾರುಬಂಡಿ ಕಳಚಿದೊಡನೆ ಎಂಜಿನ್ ತಾನಾಗಿ ನಿಲ್ಲುವ ಏರ್ಪಾಡು ಇರಬೇಕೆಂಬ ನಿಯಮವಿದೆ. ನಮ್ಮಲ್ಲಿ ೨೦೨೩ರ ಅಕ್ಟೋಬರಿನಲ್ಲಿ ಗುರುದಾಸಪುರ ಜಿಲ್ಲೆಯ ಗ್ರಾಮೀಣ ಕ್ರೀಡಾಕೂಟವೊಂದರಲ್ಲಿ ಟ್ರ್ಯಾಕ್ಟರಿನ ಸಾಹಸ ತೋರಿಸುತ್ತಿದ್ದ ಯುವಕನು ಅದೇ ಯಂತ್ರದ ಕೆಳಗೆ ಸಿಕ್ಕಿ ಮೃತನಾದ ಮೇಲೆ ಪಂಜಾಬ ಸರಕಾರ ಅಂಥ ಸಾಹಸಗಳನ್ನು ನಿಷೇಧಿಸಿತು. ಎತ್ತಿನ ಪಂದ್ಯಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯ ೨೦೧೪ರಲ್ಲಿ ತಡೆ ವಿಧಿಸಿ, ೨೦೨೩ರ ಮೇ ತಿಂಗಳಲ್ಲಿ ರಾಜ್ಯಗಳು ಮಾಡಿದ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಆ ಹಲವು ವರ್ಷಗಳ ವಾದವಿವಾದವೆಲ್ಲ ಎತ್ತಿನ ನೋವನ್ನು ಕುರಿತು ನಡೆಯಿತು. ಟ್ರ್ಯಾಕ್ಟರಿನ ಮೇಲೆ ಕುಳಿತ ನಮ್ಮ ಹುಡುಗನ ಪ್ರಾಣವನ್ನು ಕುರಿತೂ ಜಾತ್ರೆಯ ಹಿರಿಯರು ಅಷ್ಟೇ ಗಂಭೀರವಾಗಿ ಯೋಚಿಸುವುದು ನ್ಯಾಯ.

ಕೊನೆಯದಾಗಿ ಹಳೆಯ ಯಂತ್ರದ ಮಾತು. ಎಂಜಿನ್ನಿನ ಮೇಲೆ ಒತ್ತಿದ ಸಂಖ್ಯೆ ಒಂದು ಶಾಸನವಿದ್ದಂತೆ. ಅದು ಎಲ್ಲಿ, ಯಾವ ಕಾಲದಲ್ಲಿ ಹುಟ್ಟಿತೆಂಬುದನ್ನು ಬಲ್ಲವರು ಅದರಿಂದ ಓದಬಲ್ಲರು. ನೋಂದಣಿಯ ಪತ್ರದಲ್ಲಿಯೂ ಅದೇ ಸಂಖ್ಯೆಯಿರುವುದರಿಂದ, ಎಂಜಿನ್ ಬದಲಿಸಿದವರು ಅಧಿಕಾರಿಗಳ ಅನುಮತಿ ಪಡೆದು ದಾಖಲಿಸತಕ್ಕದ್ದು ಕಾನೂನಿನ ಕಟ್ಟಳೆ. ಬದಲಿಸಲೇಬೇಕಾದ ಪ್ರಸಂಗ ಬಂದರೂ ಮೂಲ ಎಂಜಿನ್ನನ್ನು ಗುಜರಿಗೆ ತೂಗಿ ಕೊಡದೆ, ಎಣ್ಣೆ ಬಳಿದು, ಗೋಣಿ ಹೊದಿಸಿ ಕೊಟ್ಟಿಗೆಯ ಮೂಲೆಯಲ್ಲಿ ಇಡಬೇಕೆಂದು ನಮ್ಮ ಬಿನ್ನಹ. ಟ್ರ್ಯಾಕ್ಟರನ್ನು ಯಾವಾಗ ತಂದರು, ಅದಕ್ಕಾಗಿ ಎಷ್ಟು ಎತ್ತು ಮಾರಿದರು, ಮೊದಲು ಯಾವ ಹೊಲಕ್ಕೆ ಇಳಿಸಿದರು ಎಂಬುದನ್ನು ಬಲ್ಲ ಹಿರಿಯರು ಇನ್ನೂ ಕೆಲವರಿದ್ದಾರೆ. ನಮ್ಮ ಸಂಘದ ತರುಣ ಸದಸ್ಯರು ಅವರ ಬಳಿ ಕುಳಿತು ಇಂಥ ಸಂಗತಿಗಳನ್ನು ಬರೆದುಕೊಂಡು ಬಂದರೆ ಈ ಸೀಮೆಯ ಒಕ್ಕಲುತನದ ಚರಿತ್ರೆಗೆ ಅದು ಒಳ್ಳೆಯ ಸಾಮಗ್ರಿಯಾದೀತು.